ಉತ್ತರದ ಹಾಳೆ ಕಿತ್ತ ಪುಸ್ತಕ

ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ಭೌತಶಾಸ್ತ್ರದ ಮೇಷ್ಟರು ಹೋದ ವಾರ ಮನೆಗೆ ಬಂದಿದ್ದರು. ಒಳ್ಳೆಯ ಹುಡುಗ. ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು: “ಮೇಡಂ, ಪ್ಲಸ್ ಟೂ ಮಕ್ಕಳು ಮನೆಯಲ್ಲಿ ತಾವೇ ಕೂತು ಲೆಕ್ಕ ಅಭ್ಯಾಸ ಮಾಡೋಕೆ ಒಂದು ಒಳ್ಳೆಯ ಪುಸ್ತಕದ ಹೆಸರು ಹೇಳಿ.” ನಿವೃತ್ತಿಯಾಗಿ ಇಷ್ಟು ಕಾಲವಾದರೂ ಈ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಹೆಸರು ಹೇಳಿಬಿಟ್ಟರೆ ಕೆಲಸ ಮುಗಿಯಿತು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಇಡೀ ಸರ್ವಿಸ್ಸು ಆ ಕೆಲಸ ಮುಗಿಯದೆಯೇ ಕಳೆಯಿತು. “ಬಾಯಲ್ಲಿ ಹೇಳಲ್ಲ, ಬರೆದು ಕೊಡ್ತೀನಿ” ಅಂದೆ. ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಹಾರ ಹಾಕಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದಿ ಯಾರಿಗೇನಾಗಬೇಕು?

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ, ಕಾಲೇಜಿನಲ್ಲಿದ್ದ ಪಿ.ಯು.ಸಿ. ಹೋಗಿ ಶಾಲೆಗೇ ಪ್ಲಸ್ ಟೂ ಬಂತು. ತಮಿಳು ಸೀಮೆಗೆ ಸೇರಿದ, ಆದರೆ ಮನೆಮಾತು ಕನ್ನಡವಾದ ಬೆಟ್ಟದ ಮೇಲಿನ ನಮ್ಮ ಶಾಲೆಗೂ ಬಂತು. ಬಂತು ಅಂದರೆ ಬೋರ್ಡಿನ ಮೇಲೆ ಹೆಸರು ಬಂತು, ಚಿಲಕವಿಲ್ಲದ ಒಂದು ಲ್ಯಾಬು ಬಂತು, ನಾನು ಬಂದೆ. ಮಕ್ಕಳು ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು. ಹನ್ನೊಂದಕ್ಕೆ ಕಾಲಿಟ್ಟ ಕೂಡಲೇ ಭೌತಶಾಸ್ತ್ರ ಒಂದೋ ತಮಿಳಿನಲ್ಲಿ, ಇಲ್ಲವೋ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ವಿವರಿಸುತ್ತಿದ್ದೆ, ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಬಾಗಿಲಲ್ಲಿ ಹೆಡ್‌ಮಾಸ್ಟರು ಕಂಡರೆ ತಮಿಳಿಗೆ ಹೊರಳುತ್ತಿದ್ದೆ. ಇಷ್ಟರ ನಡುವೆ ಮಕ್ಕಳು ಶಾಲೆಗೆ ಬರುವುದಾದರೂ ದಿನಾ ಇತ್ತೇ? ಹಾಸನೂರಿನ ಹತ್ತಿರ ರಸ್ತೆಯಲ್ಲಿ ಆನೆ ನಿಂತಿತು ಅಂದರೆ ಬಸ್ಸಿಲ್ಲ. ರಾಗಿ ಕುಯ್ಲು ಅಂದರೆ ಅರ್ಧ ಕ್ಲಾಸಿಲ್ಲ. ಹಾಗಾಗಿ ಲೆಕ್ಕಗಳನ್ನು ಮಕ್ಕಳು ತಾವೇ ಮನೆಯಲ್ಲಿ ಕಲಿಯಬೇಕಾಗಿತ್ತು. ಯಾವ ಪುಸ್ತಕದಿಂದ ಎಂಬ ಪ್ರಶ್ನೆ ಅಲ್ಲಿಂದ ಶುರು.

ಆಗ ನಮಗೆ ಸಿಗುತ್ತಿದ್ದ ಪುಸ್ತಕಗಳ ಕಥೆ ಕೇಳಿ. ಸಂಬಂಧಿಕರ ಮನೆಗೆಂದು ಚಾಮರಾಜನಗರಕ್ಕೋ ಮೈಸೂರಿಗೋ ಹೋದವರು ಹಳೆಯ ಪುಸ್ತಕ ಹೊತ್ತು ತರುತ್ತಿದ್ದರು. ಕನ್ನಡದಲ್ಲಿವೆಯಲ್ಲ ಎಂದು ಮಕ್ಕಳಿಗೆ ಪಂಚಪ್ರಾಣ. ಆದರೆ ಅವು ಗ್ರಾಂ, ಸೆಂಟಿಮೀಟರಿನ ಕಾಲದವು. ಬಲ ಅಂದರೆ ಡೈನು, ಶಕ್ತಿ ಅಂದರೆ ಎರ್ಗು. ನಮ್ಮ ಪರೀಕ್ಷೆಯಲ್ಲಿ ಕೇಳುತ್ತಿದ್ದದ್ದು ನ್ಯೂಟನ್ನು, ಜೂಲು. ದಿಂಬಂ ಘಾಟಿ ಇಳಿದು ತಮಿಳು ಬಯಲಿನಿಂದ ತಂದ ಪುಸ್ತಕಗಳಲ್ಲಿ ಅಳತೆಯ ಮಾನ ಸರಿ, ಆದರೆ ಮಸೂರದ ಲೆಕ್ಕದಲ್ಲಿ ಒಂದು ಪುಸ್ತಕ ದೂರಕ್ಕೆ ಪ್ಲಸ್ ಹಾಕಿದರೆ ಇನ್ನೊಂದು ಅದೇ ದೂರಕ್ಕೆ ಮೈನಸ್ ಹಾಕುತ್ತಿತ್ತು. ಎರಡೂ ಸರಿಯೇ. ಒಂದು ಪದ್ಧತಿ ಹಿಡಿದರೆ ಅದನ್ನೇ ಕೊನೆಯವರೆಗೆ ಹಿಡಿಯಬೇಕು, ಅಷ್ಟೆ. ನಮ್ಮ ಮಕ್ಕಳು ಸೂತ್ರವನ್ನು ಒಂದರಿಂದ, ಚಿಹ್ನೆಯನ್ನು ಇನ್ನೊಂದರಿಂದ ತೆಗೆದುಕೊಳ್ಳುತ್ತಿದ್ದರು. “ಎರಡು ಪುಸ್ತಕ ನೋಡಿ ಮಾಡಿದೀನಿ ಟೀಚರ್” ಎಂದು ಹೆಮ್ಮೆ ಬೇರೆ.

ಇನ್ನು ಗೈಡು. ನಮ್ಮ ಹೆಡ್‌ಮಾಸ್ಟರು ಘಾಟಿಯ ಕೆಳಗಿನ ತಮಿಳು ಬಯಲಿನವರು. ಸೋಮವಾರ ಘಾಟಿ ಹತ್ತಿ, ದಿಂಬಂನಲ್ಲಿ ಇಳಿದು ವಾಂತಿ ಮಾಡಿ, ಅಲ್ಲೇ ಒಂದು ಚಹಾ ಕುಡಿದು ಬರುತ್ತಿದ್ದವರು. ಬರುವಾಗ ಕೈಯಲ್ಲಿ ಗೈಡುಗಳ ಕಟ್ಟು. “ಏನಮ್ಮಾ, ಮಕ್ಕಳು ಪಾಸಾಗಬೇಕೋ, ವಿಜ್ಞಾನಿ ಆಗಬೇಕೋ?” ಅನ್ನುವರು. ಇದಕ್ಕೆ ಯಾವ ಉತ್ತರ ಕೊಟ್ಟರೂ ನಾನೇ ಕೆಟ್ಟವಳು. ತೆಗೆದುಕೊಂಡೆ, ಹಂಚಿದೆ.

ಆ ಗೈಡಿನಲ್ಲಿ ಒಂದು ಲೆಕ್ಕ. ನಾಲ್ಕು ಕಿಲೋ ತೂಕದ ವಸ್ತು, ಸೆಕೆಂಡಿಗೆ ಐದು ಮೀಟರ್ ವೇಗ, ಚಲನಶಕ್ತಿ ಎಷ್ಟು? ಐವತ್ತು ಜೂಲು. ಹಿಂದುಗಡೆ ಉತ್ತರದ ಹಾಳೆಯಲ್ಲಿ ಅಚ್ಚಿನವರು ಒಂದು ಸೊನ್ನೆ ಹೆಚ್ಚಿಗೆ ಹಾಕಿ ಐನೂರು ಮಾಡಿದ್ದರು. ಮನೆಯಿಂದ ಮಾಡಿಕೊಂಡು ಬಂದ ಅಷ್ಟೂ ಮಕ್ಕಳಿಗೆ ಐನೂರೇ ಬಂದಿತ್ತು! ನೋಡಿದರೆ, ಐವತ್ತು ಬಂದ ಮೇಲೆ ಎಲ್ಲರೂ ಅದನ್ನು ಗುರುತ್ವದ ಹತ್ತರಿಂದ ಗುಣಿಸಿದ್ದಾರೆ. ಬೀಳದ, ಏಳದ, ನೆಲದ ಮೇಲೆ ನೆಟ್ಟಗೆ ಓಡುವ ವಸ್ತುವಿಗೆ ಗುರುತ್ವ ಯಾಕೆ ಬೇಕಿತ್ತು ಎಂದು ಕೇಳಿದೆ.

“ಉತ್ರ ಬರ್ನಿಲ್ಲ ಟೀಚರ್, ಅದ್ಕೆ ಆಕ್ದೊ” ಅಂತ ಮುಂದಿನ ಬೆಂಚಿನಿಂದ ಒಂದು ದನಿ.

ಪುಸ್ತಕದ ಹಿಂದೆ ಉತ್ತರವಿದ್ದರೆ ಮಕ್ಕಳು ಲೆಕ್ಕ ಮಾಡುವುದಿಲ್ಲ, ಉತ್ತರಕ್ಕೆ ದಾರಿ ಕಡಿಯುತ್ತಾರೆ ಎಂದು ಅಂದು ಖಾತ್ರಿಯಾಯಿತು. ಆ ಸಂಜೆಯೇ ಪೇಟೆಯಲ್ಲಿ ಬ್ಲೇಡು ಕೊಂಡೆ. ನನ್ನ ಬಳಿ ಒಂದು ತೆಳ್ಳನೆಯ ಅಭ್ಯಾಸ ಪುಸ್ತಕ ಇತ್ತು. ಬಿಡಿಸಿ ತೋರಿಸಿದ ಲೆಕ್ಕ ಒಂದೂ ಇಲ್ಲ, ಬರೀ ಪ್ರಶ್ನೆ, ಸುಲಭದಿಂದ ಕಷ್ಟಕ್ಕೆ, ನಮ್ಮ ಪರೀಕ್ಷೆಯ ಮಾನಗಳಲ್ಲೇ. ಅದರ ಕೆಲವು ಪ್ರತಿ ಕೈಯಿಂದ ದುಡ್ಡು ಹಾಕಿ ತರಿಸಿ, ಹಿಂದಿನ ಉತ್ತರದ ಹಾಳೆಗಳನ್ನೆಲ್ಲ ಕತ್ತರಿಸಿ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮಾಡಿಕೊಂಡು ಬನ್ನಿ, ಸರಿಯೋ ತಪ್ಪೋ ನಾನು ಹೇಳುತ್ತೇನೆ. ಇನ್ನೊಂದು ಕಟ್ಟಳೆಯನ್ನೂ ಮಾಡಿದೆ: ತಪ್ಪಿದ ಲೆಕ್ಕವನ್ನು ಪುಸ್ತಕದ ಅಂಚಿನಲ್ಲೇ ಪೆನ್ಸಿಲ್ಲಿನಲ್ಲಿ ಬರೆಯಬೇಕು, ರಬ್ಬರ್ ಮುಟ್ಟಬಾರದು. ಮುಂದಿನ ವರ್ಷ ಆ ಪುಸ್ತಕ ಹಿಡಿಯುವ ಮಗು, ಹಿಂದಿನವರು ಎಲ್ಲಿ ಜಾರಿ ಬಿದ್ದರು ಎಂದು ನೋಡಲಿ. ಬಿಡಿಸಿಟ್ಟ ನೂರು ಸರಿ ಲೆಕ್ಕಕ್ಕಿಂತ ತನ್ನ ಊರಿನವರೇ ಮಾಡಿದ ಒಂದು ತಪ್ಪು ಲೆಕ್ಕ ಹೆಚ್ಚು ಕಲಿಸುತ್ತದೆ. ಇದನ್ನು ನಾನು ಯಾವ ಟ್ರೈನಿಂಗಿನಲ್ಲೂ ಕಲಿತದ್ದಲ್ಲ, ತಲೆ ಚಚ್ಚಿಕೊಂಡು ಕಲಿತದ್ದು.

ಈಗ ಗಿರಿಜೆಯ ವಿಷಯಕ್ಕೆ ಬರುತ್ತೇನೆ. ಇಷ್ಟೂ ಪೀಠಿಕೆ ಅವಳಿಗಾಗಿಯೇ.

ಗಿರಿಜೆ ಪಣಕಹಳ್ಳಿಯ ಗುರುಮಲ್ಲಪ್ಪನವರ ಮಗಳು. ಹೊಲ, ಬಾವಿ, ಎತ್ತು ಎಲ್ಲ ಇದ್ದ ಮನೆ. ಮಗಳನ್ನು ಓದಿಸಬೇಡಿ ಎಂದು ನೆಂಟರು ಅಂದರೆ ಅವರ ಜೊತೆ ಮಾತು ಬಿಟ್ಟ ಮನುಷ್ಯ ಆತ. ಗಿರಿಜೆಗೆ ಬಿ.ಎಸ್ಸಿ. ಓದಿ, ವಾಪಸು ಬೆಟ್ಟಕ್ಕೇ ಬಂದು ಟೀಚರ್ ಆಗಬೇಕು ಅಂತ ಆಸೆ. “ನೀವೊಬ್ರೇ ಎಷ್ಟು ಅಂತ ಕಿರುಚ್ತೀರಿ ಟೀಚರ್” ಅನ್ನುತ್ತಿದ್ದಳು. ಪಾಠ ಕೇಳುವಾಗ ಕಣ್ಣು ಮಿಟುಕಿಸದ ಹುಡುಗಿ. ಪ್ಲಸ್ ಟೂ ಪರೀಕ್ಷೆಯಲ್ಲಿ ಎಲ್ಲದರಲ್ಲೂ ಪಾಸಾಗಿ ಭೌತಶಾಸ್ತ್ರದಲ್ಲಿ ಫೇಲಾದಳು. ನನಗೆ ನಂಬಿಕೆಯೇ ಬರಲಿಲ್ಲ. ಕರೆಸಿ ಕೂರಿಸಿ, ಪ್ರಶ್ನೆಪತ್ರಿಕೆ ಮುಂದಿಟ್ಟು, ಏನು ಬರೆದೆ ಹೇಳು ಅಂದೆ. ಪೀನ ಮಸೂರದ ಲೆಕ್ಕ ಬಂತು. ಫೋಕಸ್ ಹತ್ತು ಸೆಂಟಿಮೀಟರ್, ವಸ್ತು ಹದಿನೈದರಲ್ಲಿದೆ, ಬಿಂಬ ಎಲ್ಲಿ? ಮೂವತ್ತರಲ್ಲಿ. ಅವಳು ಅರವತ್ತು ಎಂದು ಬರೆದು ಬಂದಿದ್ದಳು.

“ಅರವತ್ತು ಹೇಗೆ ಬಂತು?”

“ಫೋಕಸ್ ಇಪ್ಪತ್ತು, ವಸ್ತು ಮೂವತ್ತು, ಅದ್ಕೆ ಅರವತ್ತು.”

“ಪ್ರಶ್ನೆಯಲ್ಲಿ ಹತ್ತು, ಹದಿನೈದು ಅಂತಿದೆಯಲ್ಲೇ!”

“ಪುಸ್ತಕದಲ್ಲಿ ಇಪ್ಪತ್ತು, ಮೂವತ್ತು ಅಂತಿತ್ತು ಟೀಚರ್. ಪ್ರಶ್ನೇಲಿ ಏನೋ ತಪ್ಪಾಗಿ ಅಚ್ಚಾಗಿರ್ಬೇಕು ಅಂದ್ಕೊಂಡೆ. ಪುಸ್ತಕ ತಪ್ಪಾಗಕಿಲ್ವಲ್ಲ.”

ಯಾವ ಪುಸ್ತಕ? ನಾನು ಮಕ್ಕಳಿಗೆ ಕೊಡುತ್ತಿದ್ದದ್ದಂತೂ ಅಲ್ಲ; ಮನೆಯಲ್ಲೇ ಒಂದಿದೆ ಎಂದು ಅವಳು ಅದನ್ನು ತೆಗೆದುಕೊಂಡಿರಲಿಲ್ಲ. ತೋರಿಸು ನಡಿ ಎಂದು ಅವಳ ಜೊತೆಯಲ್ಲೇ ಬಸ್ಸು ಹತ್ತಿದೆ.

ಗುರುಮಲ್ಲಪ್ಪನವರು ಕೈಕಾಲು ತೊಳೆದು, ವಿಭೂತಿ ಧರಿಸಿ, ದೇವರ ಗೂಡಿನಿಂದ ಬಿಳಿ ವಸ್ತ್ರದಲ್ಲಿ ಸುತ್ತಿದ ಗಂಟೊಂದನ್ನು ಎರಡು ಕೈಯಲ್ಲೂ ಹಿಡಿದು ತಂದರು. ಬಿಚ್ಚಿದರೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕ. ಮೈಸೂರಿನಲ್ಲಿ ಅಂಗಡಿಯವನಿಗೆ “ನಿಮ್ತಾವ ಇರದ್ರಲ್ಲೆಲ್ಲ ದೊಡ್ದು ಕೊಡಿ” ಎಂದು ಕೇಳಿ ತಂದದ್ದಂತೆ. ಅಂಗಡಿಯವನು ಕೊಟ್ಟಿದ್ದಾನೆ, ಅವನಪ್ಪನ ಗಂಟೇನು ಹೋಗಬೇಕು? ಅದು ದೊಡ್ಡ ದೊಡ್ಡ ಪರೀಕ್ಷೆಗೆ ಕೂರುವವರ ಪುಸ್ತಕ. ನಮ್ಮ ಪ್ಲಸ್ ಟೂಗೆ ಹೊಂದುವ ಲೆಕ್ಕ ಅದರಲ್ಲಿ ಎಲ್ಲೋ ಅಲ್ಲೊಂದು ಇಲ್ಲೊಂದು. ಮೊದಲ ಹಾಳೆಯ ಮೇಲೆ ವಿಭೂತಿಯ ಮೂರು ಗೆರೆ. ಮಿಕ್ಕಂತೆ ಒಂದು ಚುಕ್ಕೆಯೂ ಇಲ್ಲ, ನಿನ್ನೆ ಅಚ್ಚಾದ ಹಾಗಿತ್ತು.

“ಮೀದು ಮಡೀಲೇ ಮುಟ್ಟದು ಟೀಚರಮ್ಮ, ನಮ್ ಕೂಸು. ಒತಾರೆ ಒಂದ್ಸಲ, ಸಂದೆಗೊಂದ್ಸಲ ಓದದು. ನೆಲದ್ ಮ್ಯಾಲೆ ಒಂದಿನ ಮಡುಗ್ಲಿಲ್ಲ. ಪೆನ್ಸಿಲ್ ತಾಕುಸ್ನಿಲ್ಲ” ಎಂದರು ಹೆಮ್ಮೆಯಿಂದ. “ಇಷ್ಟ್ ಭಕ್ತಿ ಮಾಡುದ್ರೂ ಯಾಕ್ ಇಂಗಾಯ್ತು?”

ಎಲ್ಲ ಅರ್ಥವಾಯಿತು. ಆ ಹುಡುಗಿ ಭೌತಶಾಸ್ತ್ರವನ್ನು ಪಾರಾಯಣ ಮಾಡಿದ್ದಳು. ಬಿಡಿಸಿ ತೋರಿಸಿದ ಲೆಕ್ಕಗಳನ್ನು ಅಂಕಿ ಸಮೇತ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಒಪ್ಪಿಸಿ ಬಂದಿದ್ದಳು. ಪ್ರೀತಿಯಿಲ್ಲದ ಅಪ್ಪನಾಗಿದ್ದರೆ ಜಗಳ ಆಡಬಹುದಿತ್ತು. ಇಷ್ಟೊಂದು ಪ್ರೀತಿಯ ಜೊತೆ ಹೇಗೆ ಜಗಳ ಆಡುವುದು? ಆದರೂ ಆಡಿದೆ.

“ಅಲ್ಲ ಗುರುಮಲ್ಲಪ್ಪನೋರೆ, ನಿಮ್ಮ ನೇಗಿಲಿಗೆ ಮಣ್ಣು ತಾಕದ ಹಾಗೆ ಉಳ್ತೀರಾ?”

“ನೇಗ್ಲು ಬ್ಯಾರೆ, ಸರಸತಿ ಬ್ಯಾರೆ ಕಣ್ರವ್ವಾ.”

ನಾನು ಚೀಲದಿಂದ ನನ್ನ ತೆಳ್ಳನೆಯ ಪುಸ್ತಕ ತೆಗೆದು ಗಿರಿಜೆಗೆ ಕೊಟ್ಟೆ. ಅವರು ಅದರ ಹಿಂಬದಿ ತಿರುವಿ ನೋಡಿದರು. ಕತ್ತರಿಸಿದ ಹಾಳೆಗಳ ಬುಡ ಕಂಡಿತು. ಮುಖ ಕಪ್ಪಿಟ್ಟಿತು.

“ಇದ್ನ ಯಾರು ಟೀಚರಮ್ಮ ಅರ್ದಿರದು?”

“ನಾನೇ.”

ಒಳಗಿಂದ ಅವರ ಹೆಂಡತಿ ಇಣುಕಿ ನೋಡಿ “ಶಿವಶಿವಾ” ಅಂದರು. ಗುರುಮಲ್ಲಪ್ಪನವರು ತೀರ್ಪು ಕೊಟ್ಟರು: ಅಕ್ಟೋಬರಿನಲ್ಲಿ ಇನ್ನೊಂದು ಸಲ ಪರೀಕ್ಷೆಗೆ ಕೂರಲಿ. ಟೀಚರಮ್ಮ ಹೇಳಿದ ಹಾಗೇ ಓದಲಿ. ಆದರೆ ಹರಿದ ಪುಸ್ತಕ ಹೊಸಿಲು ದಾಟಿ ಒಳಗೆ ಬರಕೂಡದು. “ಈ ಸಲ್ವೂ ಆಗ್ನಿಲ್ಲ ಅಂದ್ರೆ ಮಾದಪ್ಪನ ಮನ್ಸಲ್ಲಿ ಇಲ್ಲ ಅಂತ. ಓದು ಅಲ್ಲಿಗೆ ಬುಟ್ಬುಡಾನ.” ಗಿರಿಜೆ ತಲೆ ತಗ್ಗಿಸಿ ನಿಂತಿದ್ದಳು. ಅವಳ ಬಿ.ಎಸ್ಸಿ., ಬೆಟ್ಟಕ್ಕೆ ಇನ್ನೊಬ್ಬ ಟೀಚರು, ಎಲ್ಲ ಆ ಒಂದು ಪರೀಕ್ಷೆಯ ಮೇಲೆ ನಿಂತಿತು. ಎಷ್ಟು ಸಲೀಸಾಗಿ ಜನ ತಮ್ಮ ಹಟವನ್ನು ದೇವರ ಹೆಗಲಿಗೆ ಏರಿಸಿಬಿಡುತ್ತಾರೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತ ಬಂದೆ.

ಪುಸ್ತಕ ಮನೆಯೊಳಗೆ ಹೋಗುವಂತಿಲ್ಲ, ಸರಿ. ಗಿರಿಜೆ ಅದನ್ನು ಜೋಳದ ಹೊಲದ ಅಟ್ಟಣೆಗೆ ಒಯ್ದಳು. ಗಿಳಿ ಓಡಿಸಲು ಹಗಲು ಹೇಗೂ ಒಬ್ಬರು ಅಲ್ಲಿ ಕೂರಬೇಕಾಗಿತ್ತು. ಅಟ್ಟಣೆಯ ಮೇಲೆ ಕೂತು ಲೆಕ್ಕ ಮಾಡುವುದು, ಭಾನುವಾರ ನನ್ನ ಮನೆಗೆ ಬರುವುದು. ನಾನು ಬೀರು ತೆಗೆದು ಉತ್ತರದ ಹಾಳೆ ನೋಡಿ ‘ಸರಿ’ ಅಥವಾ ‘ತಪ್ಪು’ ಅನ್ನುವುದು. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಹೇಳುತ್ತಿರಲಿಲ್ಲ.

ಮೊದಮೊದಲು ಅಂಚಿನಲ್ಲಿ ಬರೆಯಲು ಅವಳಿಗೆ ಕೈಯೇ ಬರುತ್ತಿರಲಿಲ್ಲ. ಬರೆದರೂ ಇರುವೆ ಗಾತ್ರದ ಅಕ್ಷರ, ಪುಸ್ತಕಕ್ಕೆ ನೋವಾದೀತು ಎಂಬಂತೆ. ಬಹುಪಾಲು ತಪ್ಪು. ನಾನು ‘ತಪ್ಪು’ ಅಂದಾಗೆಲ್ಲ ತುಟಿ ಕಚ್ಚಿಕೊಂಡು ವಾಪಸು ಹೋಗುವಳು. ಒಂದು ಸಲ ಅಳುತ್ತ “ಎಲ್ಲಿ ತಪ್ಪು ಅಂತಾನಾದ್ರೂ ಏಳಿ ಟೀಚರ್” ಅಂದಳು. “ನೀನೇ ಹುಡುಕು” ಅಂದೆ. ಪರೀಕ್ಷೆಯ ಹಾಲಿನಲ್ಲಿ ಅವಳ ಪಕ್ಕ ನಾನು ಕೂರಲಾಗುತ್ತದೆಯೇ? ಹೊಸ ಮೇಷ್ಟರೇ, ಇದು ನಿಮಗೆ: ಮಗು ಅತ್ತ ಕೂಡಲೇ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಕಡೆ ಓಡಬೇಡಿ. ಅಲ್ಲೇ ನಾವೆಲ್ಲ ಕೆಡುವುದು.

ಜೋಳದ ತೆನೆ ಬಲಿಯುವ ಹೊತ್ತಿಗೆ ಅಕ್ಷರ ದೊಡ್ಡದಾಯಿತು. ಅಂಚು ತುಂಬಿ, ಸಾಲುಗಳ ನಡುವೆಯೂ ಪೆನ್ಸಿಲ್ ಓಡಾಡಿತು. ಪುಸ್ತಕಕ್ಕೆ ಮಣ್ಣು, ಚಟ್ನಿಯ ಎಣ್ಣೆ ಮೆತ್ತಿತ್ತು, ಹಿಂದಿನ ರಟ್ಟು ಯಾವಾಗಲೋ ಹೋಗಿತ್ತು. ಒಂದು ಭಾನುವಾರ ಬಂದು ಮಸೂರದ ಲೆಕ್ಕ ತೋರಿಸಿದಳು. ಫೋಕಸ್ ಹದಿನೈದು, ವಸ್ತು ಇಪ್ಪತ್ತರಲ್ಲಿ; ಅವಳ ಉತ್ತರ ಅರವತ್ತು. ಹಾಳೆ ನೋಡಿದೆ, ಆರು ಅಂತಿತ್ತು. ಒಲೆಯ ಮೇಲೆ ಹಾಲಿಟ್ಟಿದ್ದೆ, ಯೋಚಿಸದೆ “ತಪ್ಪು” ಅಂದೆ. ಮುಂದಿನ ವಾರ ಮತ್ತೆ ಬಂದಳು. ಅದೇ ಲೆಕ್ಕ, ಅದೇ ಅರವತ್ತು.

“ತಪ್ಪು ಅಂದೆನಲ್ಲೇ.”

“ತಪ್ಪಲ್ಲ.” ನೆಟ್ಟಗೆ ನನ್ನ ಮುಖವನ್ನೇ ನೋಡುತ್ತಿದ್ದಳು. “ಮೂರು ತರ ಮಾಡಿದೀನಿ. ಚಿತ್ರಾನೂ ಬರ್ದಿದೀನಿ. ನಿಮ್ ಆಳೇಲಿ ಎಷ್ಟದೆ?”

“ಆರು.”

“ಅಂಗಾರೆ ನಿಮ್ ಆಳೇನೇ ತಪ್ಪು ಟೀಚರ್. ಫೋಕಸ್‌ಗಿಂತ ಅತ್ರಕ್ಕೆ ನಿಜವಾದ ಬಿಂಬ ಬರಾಕೇ ಇಲ್ಲ. ಸೊನ್ನೆ ಬುಟ್ಟವ್ರೆ.”

ಕೂತು ಮಾಡಿ ನೋಡಿದೆ. ಸೊನ್ನೆ ಬಿಟ್ಟಿದ್ದರು. ಪುಸ್ತಕ ತಪ್ಪಾಗುವುದಿಲ್ಲ ಎಂದು ಪ್ರಶ್ನೆಪತ್ರಿಕೆಯನ್ನೇ ತಿದ್ದಿ ಬಂದಿದ್ದ ಹುಡುಗಿ ಅಚ್ಚಾದ ಉತ್ತರವನ್ನೂ ನನ್ನನ್ನೂ ಒಟ್ಟಿಗೆ ತಪ್ಪು ಅಂದಿದ್ದಳು. ನನಗೆ ಕಣ್ಣು ತುಂಬಿ ಬಂತು. ಸಿಡುಕಿಯೆಂದು ಹೆಸರಾದವಳು ಮಕ್ಕಳೆದುರು ಅಳಬಾರದೆಂದು ಒಳಗೆ ಹೋಗಿ ಹಾಲು ಉಕ್ಕಿದೆಯೇ ನೋಡಿಬಂದೆ. ಹಾಲೇ ಇಟ್ಟಿರಲಿಲ್ಲ ಆ ದಿನ. ಪರೀಕ್ಷೆ ಇನ್ನೂ ಮುಂದಿತ್ತು, ಆದರೆ ಅವಳು ಪಾಸಾದಳು ಎಂದು ನನಗೆ ಅವತ್ತೇ ಗೊತ್ತಾಯಿತು.

ಅಕ್ಟೋಬರಿನಲ್ಲಿ ಬರೆದಳು, ಪಾಸಾದಳು. ಗುರುಮಲ್ಲಪ್ಪನವರು ಬುಟ್ಟಿ ತುಂಬ ತರಕಾರಿ ಹೊತ್ತು ನಮ್ಮ ಮನೆಗೆ ಬಂದು, ಬಾಗಿಲಲ್ಲೇ ನಿಂತು ಕೈಮುಗಿದರು.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಬೆಟ್ಟದಲ್ಲಿ ಯಾವುದೂ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ.

ಮುಂದಿನ ವರ್ಷ ಸಿದ್ದರಾಜು ಬಂದ. ಅವನೂ ಪಣಕಹಳ್ಳಿಯವನೇ, ಊರಾಚೆಯ ಕೇರಿಯವನು. ಅಪ್ಪ ಅಮ್ಮ ಗುರುಮಲ್ಲಪ್ಪನವರ ಹೊಲದಲ್ಲೇ ಕೂಲಿಗೆ ಹೋಗುತ್ತಿದ್ದರು. ಭೌತಶಾಸ್ತ್ರದಲ್ಲಿ ಫೇಲಾಗಿ, ತಾನೂ ಕೂಲಿಗೆ ಹೋಗುತ್ತ ಮತ್ತೆ ಪರೀಕ್ಷೆಗೆ ಕಟ್ಟಿದ್ದ. ಗಿರಿಜೆ ಎಲ್ಲೆಲ್ಲಿ ತಪ್ಪುತ್ತಿದ್ದಳೋ ಅವನೂ ಅಲ್ಲಲ್ಲೇ ತಪ್ಪುತ್ತಿದ್ದ. ಅವಳ ಪುಸ್ತಕ ಇಸಿದುಕೊಂಡು ಬಾ ಎಂದು ಕಳಿಸಿದೆ. ಬರಿಗೈಯಲ್ಲಿ ಬಂದ. ಏನಾಯಿತೋ ಅಂದರೆ “ಆಗಾಕಿಲ್ವಂತೆ ಟೀಚರ್” ಅಂತಷ್ಟೇ.

ನಾನೇ ಹೋದೆ, ಅವನನ್ನೂ ಕರೆದುಕೊಂಡು. ಅವನು ಬೇಲಿಯ ಆಚೆಯೇ ನಿಂತ. ಒಳಗೆ ನೋಡುತ್ತೇನೆ, ರಟ್ಟು ಹೋದ, ಎಣ್ಣೆ ಮೆತ್ತಿದ, ನಾನು ಹರಿದ ಆ ಪುಸ್ತಕ ದೇವರ ಗೂಡಿನಲ್ಲಿ ದಪ್ಪ ಪುಸ್ತಕದ ಮೇಲೆ ಕೂತಿದೆ! ಹಣೆಗೆ ವಿಭೂತಿ, ತಲೆಗೆ ಒಂದು ಹೂ. ಹೊಸಿಲು ದಾಟಬಾರದೆಂದು ಹೊರಗಿಟ್ಟಿದ್ದ ಪುಸ್ತಕ ಮಗಳು ಪಾಸಾದ ಕೂಡಲೇ ದೇವರಾಗಿಬಿಟ್ಟಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಅದು ಗೂಡಿಗೆ ಸೇರೋಗದೆ ಟೀಚರಮ್ಮ. ಬ್ಯಾರೇರ್ ಮುಟ್ಟಂಗಿಲ್ಲ” ಎಂದರು ಗುರುಮಲ್ಲಪ್ಪನವರು. ಕಣ್ಣು ಬೇಲಿಯ ಕಡೆ ಹೋಗಿ ಬಂತು. “ಒಸ್ದು ಕೊಡುಸ್ತೀನಿ ಬೇಕಾರೆ.”

“ಹೊಸದು ನನ್ನ ಹತ್ತಿರವೂ ಇದೆ ಕಣ್ರೀ! ಅದರಲ್ಲಿ ನಿಮ್ಮ ಮಗಳ ತಪ್ಪುಗಳಿಲ್ಲವಲ್ಲ!” ಎಂದು ನಾನು ಕೂಗಿಯೇಬಿಟ್ಟೆ.

ಗಿರಿಜೆ ಕಾಲೇಜಿಗೆ ರಜವೆಂದು ಊರಿಗೆ ಬಂದಿದ್ದಳು. ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದವಳು ಬೂದಿ ಕೈಯಲ್ಲೇ ಎದ್ದು ಬಂದಳು. ಮೀಯಲಿಲ್ಲ, ಕೈ ತೊಳೆಯಲಿಲ್ಲ. ಗೂಡಿಗೆ ಕೈ ಹಾಕಿ ಪುಸ್ತಕ ತೆಗೆದಳು, ಹೂ ತೆಗೆದು ಲಿಂಗದ ಮುಂದಿಟ್ಟಳು.

“ಯೇ ಗಿರ್ಜಾ!”

“ಅಪ್ಪೋ, ಇದ್ನ ಬರ್ದು ಬರ್ದು ಗಲೀಜು ಮಾಡ್ದಕ್ಕೇ ನಾನ್ ಪಾಸಾದ್ದು. ನೀನ್ ಪೂಜೆ ಮಾಡಿದ್ದು ಇನ್ನೂ ಅಲ್ಲೇ ಅದೆ, ನೋಡು” ಎಂದು ದಪ್ಪ ಪುಸ್ತಕದ ಕಡೆ ಕೈ ತೋರಿಸಿ, ಅಂಗಳ ದಾಟಿ ಬೇಲಿಯ ತನಕ ನಡೆದು, ಸಿದ್ದರಾಜುವಿನ ಕೈಗೇ ಕೊಟ್ಟಳು. ಎಸೆಯಲಿಲ್ಲ, ಬೇಲಿಯ ಮೇಲಿಡಲಿಲ್ಲ. ಕೈಯಿಂದ ಕೈಗೆ. “ಅರವತ್ತನೇ ಪುಟ ನೋಡ್ಲಾ ಮೊದ್ಲು. ಅಲ್ಲಿ ನಾನು ನಾಕ್ ಸಲ ಬಿದ್ದೀನಿ.”

ಗುರುಮಲ್ಲಪ್ಪನವರು ಹೆಗಲ ವಸ್ತ್ರ ಕೊಡವಿ ಹೊಲದ ಕಡೆ ಹೊರಟುಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಒಳ್ಳೆಯ ಮನೆಯ ಸ್ನೇಹ ನನ್ನ ಬಾಯಿಂದ ಹಾಳಾಯಿತಲ್ಲ ಎಂದು ಅವತ್ತು ನನಗೆ ಊಟ ಸೇರಲಿಲ್ಲ.

ಸಿದ್ದರಾಜು ಗಿರಿಜೆಯ ತಪ್ಪುಗಳ ಪಕ್ಕ ತನ್ನವನ್ನೂ ಬರೆದು, ಅಂಚು ಸಾಲದೆ ಬೇರೆ ಕಾಗದ ಅಂಟಿಸಿ, ಆ ವರ್ಷ ಪಾಸಾದ. ಫಲಿತಾಂಶ ಬಂದ ಕೆಲವು ದಿನಕ್ಕೆ ಗುರುಮಲ್ಲಪ್ಪನವರು ಶಾಲೆಗೆ ಬಂದರು. ಕಂಕುಳಲ್ಲಿ ಅದೇ ಬಿಳಿ ವಸ್ತ್ರದ ಗಂಟು. ಲ್ಯಾಬಿನ ಮೇಜಿನ ಮೇಲಿಟ್ಟರು.

“ಇದೂ ಇಲ್ಲೇ ಇರ್ಲಿ ಟೀಚರಮ್ಮ. ಮಕ್ಳು ಬರ್ಕೊಳ್ಳಿ. ಯಾರ್ ಮಕ್ಳಾದ್ರೂ ಸೈ.” ಇಷ್ಟು ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಹೊರಟುಬಿಟ್ಟರು.

ಬಿಚ್ಚಿ ನೋಡಿದೆ. ಮೊದಲ ಹಾಳೆಯ ಅಂಚಿನಲ್ಲಿ, ವಿಭೂತಿಯ ಗೆರೆಗಳ ಕೆಳಗೆ, ಪೆನ್ಸಿಲ್ಲಿನಲ್ಲಿ ಅವರ ಹೆಸರು. ನೇಗಿಲು ಹಿಡಿದ ಕೈಯ ಸೊಟ್ಟ ಅಕ್ಷರ, ಕಾಗದ ಹರಿಯುವಷ್ಟು ಒತ್ತಿ ಬರೆದದ್ದು. ಮೊದಲ ಸಲ ಎಲ್ಲೋ ತಪ್ಪಿದ್ದರು. ಅಳಿಸಿರಲಿಲ್ಲ. ಪಕ್ಕದಲ್ಲೇ ಮತ್ತೆ ಬರೆದಿದ್ದರು.

ಹೊಸ ಮೇಷ್ಟರೇ, ಆ ದಪ್ಪ ಪುಸ್ತಕ ಈಗಲೂ ಲ್ಯಾಬಿನ ಬೀರುವಿನಲ್ಲಿದೆ. ಪ್ಲಸ್ ಟೂ ಮಕ್ಕಳಿಗೆ ಅದು ಯಾವ ಉಪಯೋಗಕ್ಕೂ ಬಾರದು. ಅದರಿಂದ ಒಂದು ಲೆಕ್ಕವನ್ನೂ ಕೊಡಬೇಡಿ. ಆದರೆ ಬೀರು ಖಾಲಿ ಮಾಡುವ ನೆಪದಲ್ಲಿ ಅದನ್ನು ರದ್ದಿಗೆ ಹಾಕಿದಿರೋ, ಈ ವಯಸ್ಸಿನಲ್ಲೂ ಬಸ್ಸು ಹತ್ತಿ ಬಂದು ನಿಮ್ಮ ಜೊತೆ ಜಗಳ ಆಡುತ್ತೇನೆ.